ಮೂರ್ಛೆ ರೋಗದ ರಿಜಿಸ್ಟರು ಮತ್ತು ಒಂದು ಅರಿವೆ ಪಟ್ಟಿ

ಐನಾಪುರದ ಶಾಲೆಗೆ ಬೇಸಿಗೆ ಸೂಟಿ ಬಿಟ್ಟಿತ್ತು. ಏಳನೇ ತರಗತಿಯ ಕೋಣೆಯನ್ನು ನಮಗೆ ಆರು ದಿನಗಳ ಮಟ್ಟಿಗೆ ಬಿಟ್ಟುಕೊಟ್ಟಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕಾಗವಾಡ, ಐನಾಪುರ ಎಲ್ಲ ಆಗ ಅಥಣಿ ತಾಲೂಕಿನಲ್ಲೇ ಇದ್ದವು. ಆ ಕಡೆಯ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯಲ್ಲಿ ನಾನು ನರ್ಸ್. ಹಳ್ಳಿಹಳ್ಳಿಗಳಿಂದ ಆರಿಸಿದ ಹನ್ನೊಂದು ಹೆಣ್ಣುಮಕ್ಕಳಿಗೆ, ಮೂರ್ಛೆ ರೋಗದವರನ್ನು ಅವರವರ ಊರಿನಲ್ಲೇ ನೋಡಿಕೊಳ್ಳುವುದು ಹೇಗೆ ಎಂದು ಕಲಿಸುವ ಕೆಲಸವನ್ನು ನಮ್ಮ ಡಾಕ್ಟರು ನನಗೆ ವಹಿಸಿದ್ದರು.

ಈ ರೋಗದ ಔಷಧದಲ್ಲಿ ಗುಟ್ಟೇನೂ ಇಲ್ಲ. ಫಿನೋಬಾರ್ಬಿಟೋನ್ ಎಂಬ ಬಿಳಿ ಗುಳಿಗೆ, ದಿನಕ್ಕೊಂದು, ಮಲಗುವ ಮುಂಚೆ. ತಪ್ಪದೆ ನುಂಗಿದರೆ ಬಹಳ ಜನರ ಫಿಟ್ಸು ನಿಲ್ಲುತ್ತವೆ. ತೊಡಕು ಇದ್ದದ್ದೇ ಆ ‘ತಪ್ಪದೆ’ ಎಂಬಲ್ಲಿ. ಎರಡು ತಿಂಗಳು ಫಿಟ್ಸ್ ಬರದಿದ್ದರೆ ಮನೆಯವರು ರೋಗ ಹೋಯಿತೆಂದು ಗುಳಿಗೆ ನಿಲ್ಲಿಸುತ್ತಿದ್ದರು. ಹಾಗೆ ಒಮ್ಮೆಲೇ ನಿಲ್ಲಿಸಿದರೆ ಅದು ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ. ಒಂದರ ಬೆನ್ನಿಗೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗುತ್ತದೆ. ನಮ್ಮಲ್ಲಿ ಮೂರ್ಛೆಯವರಿಗೆಂದು ಗುರುವಾರ ಮಾತ್ರ ಓಪಿಡಿ. ಕೊಕಟನೂರಿನಂಥ ಊರಿಂದ ಎರಡು ಬಸ್ ಬದಲಿಸಿ ಬರುವವರು ಎಷ್ಟು ತಿಂಗಳು ಬಂದಾರು? ಊರಲ್ಲೇ ಒಬ್ಬಾಕೆ ವಾರಕ್ಕೊಮ್ಮೆ ಮನೆಗೆ ಹೋಗಿ ಗುಳಿಗೆ ಕೊಟ್ಟು, ನುಂಗಿದ್ದನ್ನು ವಿಚಾರಿಸಿ ಬರೆದಿಟ್ಟರೆ ಅರ್ಧ ಕೆಲಸ ಆದಂತೆಯೇ ಎಂಬುದು ಡಾಕ್ಟರ ಲೆಕ್ಕ.

ಮೊದಲ ದಿನ ಬೆಳಿಗ್ಗೆ ಹೆಸರು ಬರೆದುಕೊಳ್ಳುವಾಗ ಪಟ್ಟಿಯಲ್ಲಿ ಇಲ್ಲದ ಒಬ್ಬಾಕೆ ಸಾಲಿನ ಕೊನೆಗೆ ನಿಂತಿದ್ದಳು. ನಲವತ್ತರ ಆಸುಪಾಸಿನ ಕುರಿಗಾರ ಹೆಣ್ಣುಮಗಳು, ಕೊಕಟನೂರಿನಾಕೆ. ಆಕೆಯ ಗಂಡನಿಗೆ ಮೂರ್ಛೆ ರೋಗವಿತ್ತು. ನಮ್ಮಲ್ಲೇ ಗುಳಿಗೆ ಒಯ್ಯುತ್ತಿದ್ದರು. ತನ್ನ ಹಟ್ಟಿಯಲ್ಲಿ ಇನ್ನೂ ಇಬ್ಬರಿಗೆ ಈ ಬೇನೆ ಇದೆ, ತಾನೂ ಕಲಿಯುತ್ತೇನೆ ಎಂದಳು. ಎಷ್ಟನೇ ಇಯತ್ತೆ ಓದಿದ್ದಿ ಎಂದು ಕೇಳಿದೆ. ಶಾಲೆಯ ಮೆಟ್ಟಿಲು ಹತ್ತಿದ್ದು ಇವತ್ತೇ ಎಂದಳು. ಏಳನೇ ಇಯತ್ತೆ ಪಾಸಾದವರು ಮಾತ್ರ ಎಂಬ ನಿಯಮವನ್ನು ಕಾಗದದಲ್ಲಿ ಬರೆದವಳು ನಾನೇ. ಬರೆಯಲು ಬಾರದವರು ರಿಜಿಸ್ಟರು ಹೇಗೆ ಇಟ್ಟಾರು ಎಂಬುದು ನನ್ನ ವಾದ. ಅದನ್ನೇ ಆಕೆಗೂ ಹೇಳಿದೆ.

ಆಕೆ ವಾದ ಮಾಡಲಿಲ್ಲ. “ಆತ್ರಿ ಬಾಯಾರ,” ಎಂದು, ಆ ಕಡೆ ನರ್ಸುಗಳನ್ನು ಕರೆಯುವ ಹಾಗೆಯೇ ಕರೆದು, ಹೊರಟುಹೋದಳು. ನಾನು ಬಾಗಿಲು ಮುಂದಕ್ಕೆ ಎಳೆದುಕೊಂಡು ಪಾಠ ಶುರು ಮಾಡಿದೆ.

ಆರು ದಿನವೂ ಪಾಠ ಚೆನ್ನಾಗಿಯೇ ನಡೆಯಿತು ಎಂದು ಆಗ ನನಗೆ ಅನ್ನಿಸಿತ್ತು. ಮೆದುಳಿನ ಚಿತ್ರವನ್ನು ಹಲಗೆಯ ಮೇಲೆ ಬರೆದೆ. ಫಿಟ್ಸ್ ಬಂದಾಗ ಕೈಯಲ್ಲಿ ಬೀಗದ ಕೈ ಹಿಡಿಸುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾಕೆ ತಪ್ಪೆಂದು ತಿಳಿಸಿದೆ. ಹತ್ತಿರದ ಕಲ್ಲು, ಕುಡಗೋಲು ದೂರ ಸರಿಸಬೇಕು, ಸೆಳೆತ ನಿಂತ ಕೂಡಲೆ ಎಡ ಮಗ್ಗುಲಿಗೆ ಹೊರಳಿಸಬೇಕು, ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ಗಾಡಿ ಹುಡುಕಬೇಕು. ಐದು ನಿಮಿಷ ನೋಡಲು ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ. ಅವರಲ್ಲಿ ಸೂಲಗಿತ್ತಿಯ ಕೆಲಸ ಮಾಡುವ ಒಬ್ಬಾಕೆ, ತಾನು ಬೀಸುವಾಗ ಹಾಡುವ ಒಂದು ಪದ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದಳು. ನನ್ನ ವಾಚು ಹಿಡಿದು ಹಾಡಿಸಿ ನೋಡಿದೆವು. ಐದು ನಿಮಿಷಕ್ಕೆ ತುಸು ಕಡಿಮೆ. ಉಳಿದ ಹತ್ತು ಜನರೂ ಆ ಪದ ಕಲಿತರು. ಇಡೀ ತರಬೇತಿಯಲ್ಲಿ ಅವರಿಂದ ಬಂದದ್ದು ಅದೊಂದೇ. ಉಳಿದದ್ದೆಲ್ಲ ನಾನು ಹೇಳಿದ್ದು, ಅವರು ಬರೆದುಕೊಂಡದ್ದು.

ಕೊನೆಯ ದಿನ ಒಬ್ಬೊಬ್ಬರಿಗೂ ಒಂದೊಂದು ರಿಜಿಸ್ಟರು ಕೊಟ್ಟೆ. ಒಬ್ಬ ರೋಗಿಗೆ ಒಂದು ಪುಟ, ತಿಂಗಳ ಒಂದೊಂದು ದಿನಕ್ಕೂ ಒಂದೊಂದು ಚೌಕ. ಗುಳಿಗೆ ನುಂಗಿದ್ದರೆ ರೈಟ್ ಗುರುತು. ಪಾಠ ಮುಗಿಸುವಾಗ ಒಂದು ಮಾತನ್ನು ಎರಡೆರಡು ಸಲ ಒತ್ತಿ ಹೇಳಿದೆ: ಚೌಕ ಖಾಲಿ ಬಿಡಬೇಡಿರಿ.

ಒಂದು ತಿಂಗಳ ಮೇಲೆ ಹನ್ನೊಂದು ರಿಜಿಸ್ಟರುಗಳೂ ಬಂದವು. ಪುಟಗಳ ತುಂಬ ಗುರುತು. ಕಾಗವಾಡದ ಕಡೆಯ ಹೊಲಿಗೆ ಕೆಲಸದ ಹೆಣ್ಣುಮಗಳ ರಿಜಿಸ್ಟರಂತೂ ನೋಡಲು ಚಂದ. ಎಲ್ಲ ಗುರುತುಗಳೂ ಒಂದೇ ಅಳತೆ, ಹೊಲಿಗೆ ಹಾಕಿದಂತೆ. ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಹೀಗಿರಬೇಕು ನೋಡಿರಿ ಎಂದೆ. ಎರಡನೇ ತಿಂಗಳಿಗೆ ಎಲ್ಲರ ರಿಜಿಸ್ಟರೂ ಹಾಗೇ ಆದವು. ಮೂರನೇ ತಿಂಗಳಿಗೂ ಹಾಗೇ. ನಾನು ಹೆಮ್ಮೆಯಿಂದ ಡಾಕ್ಟರಿಗೆ ತೋರಿಸಿದೆ. ಮಿರಜದಿಂದ ವಾರಕ್ಕೊಮ್ಮೆ ಬಂದು ಹೋಗುವ, ಹೆಚ್ಚು ಮಾತಾಡದ ಹಿರಿಯರು ಅವರು. ಪುಟ ತಿರುವಿ ನೋಡಿ, ಇಷ್ಟು ಜನರಲ್ಲಿ ಒಬ್ಬರೂ ಒಂದು ದಿನವೂ ಮರೆತಿಲ್ಲವೇ ಎಂದು ಮಾತ್ರ ಕೇಳಿದರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ನಾಲ್ಕನೇ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ, ಹೊಲಿಗೆಯಾಕೆಯ ಊರಿನ ದ್ರಾಕ್ಷಿ ತೋಟದ ಮನೆಯ ಯಜಮಾನಿ ಆಸ್ಪತ್ರೆಗೆ ಓಡುತ್ತ ಬಂದರು. ಅವರ ಮಗಳಿಗೆ ಹತ್ತೊಂಬತ್ತು ವರ್ಷ. ಎಳೆ ವಯಸ್ಸಿನಿಂದ ಫಿಟ್ಸ್ ಬರುತ್ತಿದ್ದವು. ನಮ್ಮ ಗುಳಿಗೆಯಿಂದ ಒಂದೂವರೆ ವರ್ಷ ಪೂರ್ತಿ ನಿಂತಿದ್ದವು. ಒಂದೂವರೆ ತಿಂಗಳ ಹಿಂದೆ ಗಡಿಯಾಚೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವತ್ತು ಬೆಳಿಗ್ಗೆ ಆಕೆ ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಫಿಟ್ಸ್ ಬಂದು ಕಾದ ಹಂಚಿನ ಮೇಲೆ ಬಿದ್ದಿದ್ದಳು. ಬಲಗೈ ಸುಟ್ಟಿತ್ತು. ಎಚ್ಚರವಾಗುವ ಮುಂಚೆಯೇ ಮತ್ತೊಂದು, ಅದರ ಹಿಂದೆ ಮತ್ತೊಂದು. ಜೀಪಿನಲ್ಲಿ ಹಾಕಿಕೊಂಡು ಮಿರಜದ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿಯ ಡಾಕ್ಟರು ಯಾವ ಔಷಧ ನಡೆದಿತ್ತು ಎಂದು ಕೇಳಿದರೆ ಅತ್ತೆಯ ಮನೆಯವರಿಗೆ ಉತ್ತರವೇ ಗೊತ್ತಿರಲಿಲ್ಲ.

ಚೀಟಿ ಬರೆದು ಅವರ ಕೈಗೆ ಕೊಟ್ಟು ಕಳಿಸಿದೆ. ಆಮೇಲೆ, ತಿಂಗಳ ತಪಾಸಣೆಗೆಂದು ಹಿಂದಿನ ದಿನವಷ್ಟೇ ಬಂದಿದ್ದ ರಿಜಿಸ್ಟರುಗಳಲ್ಲಿ ಹೊಲಿಗೆಯಾಕೆಯದನ್ನು ತೆಗೆದೆ. ಹುಡುಗಿಯ ಪುಟದಲ್ಲಿ ನಿನ್ನೆಯವರೆಗೂ ಗುರುತುಗಳಿದ್ದವು. ಒಂದು ಚೌಕವೂ ಖಾಲಿ ಇರಲಿಲ್ಲ.

ಹೊಲಿಗೆಯಾಕೆಯನ್ನು ಕರೆಸಿ ಏರುದನಿಯಲ್ಲಿ ಮಾತಾಡಿದೆ. ಆಕೆ ಅಳುತ್ತಲೇ ಆದದ್ದನ್ನು ಹೇಳಿದಳು. ಮದುವೆಯಾದ ಮೇಲೂ ತಾಯಿ ವಾರಕ್ಕೊಮ್ಮೆ ಗುಳಿಗೆ ಇಸಿದುಕೊಳ್ಳುತ್ತಿದ್ದರು. ಮಗಳಿಗೆ ಮುಟ್ಟಿಸುತ್ತೇನೆ ಎನ್ನುತ್ತಿದ್ದರು. ಆದರೆ ಬೀಗರ ಕಣ್ಣಿಗೆ ಬಿದ್ದೀತೆಂದು ಹೆದರಿ ಕಳಿಸಿರಲಿಲ್ಲ. ಎಲ್ಲ ಗುಳಿಗೆಗಳೂ ಅವರ ಮನೆಯ ಒಂದು ಡಬ್ಬಿಯಲ್ಲಿ ಹಾಗೇ ಇದ್ದವು. ಹೊಲಿಗೆಯಾಕೆಗೆ ಸಂಶಯ ಬಂದಿತ್ತು. ಆದರೂ ಗುರುತು ಹಾಕುತ್ತ ಹೋಗಿದ್ದಳು.

“ಸಂಶೇ ಬಂದಿತ್ತು ಅಂದ್ರ ನಂಗ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ಚೌಕ ಖಾಲಿ ಬಿಡಬ್ಯಾಡ್ರಿ ಅಂತ ನೀವ ಹೇಳಿದ್ರೆಲ್ಲ ಬಾಯಾರ,” ಎಂದಳು. “ಖಾಲಿ ಬಿಟ್ರ ನಾ ಕೆಲಸಾ ಮಾಡಿಲ್ಲಂತ ಆಗತೈತಿ ಅನ್ಕೊಂಡ್ನಿ.”

ಆಕೆಯನ್ನು ಮನೆಗೆ ಕಳಿಸಿದೆ. ಅಂದು ಸಂಜೆ ಹನ್ನೊಂದೂ ರಿಜಿಸ್ಟರುಗಳನ್ನು ಹರಡಿಕೊಂಡು ಕುಳಿತೆ. ನಾಲ್ಕು ತಿಂಗಳು, ಹನ್ನೊಂದು ಊರು. ಯಾರೂ ಮರೆತಿಲ್ಲ, ಯಾರೂ ಪರವೂರಿಗೆ ಹೋಗಿಲ್ಲ, ಯಾರಿಗೂ ಗುಳಿಗೆ ಬೇಸರವಾಗಿಲ್ಲ. ಡಾಕ್ಟರು ಅಂದು ಮೆಚ್ಚಿರಲಿಲ್ಲ, ಸಂಶಯಪಟ್ಟಿದ್ದರು ಎಂಬುದು ಆಗ ತಿಳಿಯಿತು. ನಾನು ಕಲಿಸಿದ್ದು ರೋಗಿಯನ್ನು ನೋಡುವುದನ್ನಲ್ಲ, ನನ್ನನ್ನು ಮೆಚ್ಚಿಸುವುದನ್ನು.

ಹುಡುಗಿ ಉಳಿದಳು. ಮೂರು ದಿನ ಎಚ್ಚರ ತಪ್ಪಿ ಮಲಗಿದ್ದವಳು ನಾಲ್ಕನೇ ದಿನ ನೀರು ಕೇಳಿದಳೆಂದು ಸುದ್ದಿ ಬಂತು. ಆ ಸುದ್ದಿ ಬಂದಾಗ ನಾನು ಡ್ರೆಸ್ಸಿಂಗ್ ಕೋಣೆಯಲ್ಲಿ ಬ್ಯಾಂಡೇಜ್ ಸುತ್ತುತ್ತಿದ್ದೆ. ಎಷ್ಟು ಸುತ್ತು ಸುತ್ತಿದ್ದೆನೆಂಬುದು ಮರೆತು, ಎಲ್ಲ ಬಿಚ್ಚಿ ಮತ್ತೆ ಸುತ್ತಬೇಕಾಯಿತು. ಆಸ್ಪತ್ರೆಯಿಂದ ಆಕೆಯನ್ನು ತವರಿಗೆ ಕರೆತಂದರು. ಅತ್ತೆಯ ಮನೆಯವರು ಬಂದು ಕರೆದೊಯ್ಯುವ ಮಾತಾಡಲಿಲ್ಲ.

ಆ ಮಂಗಳವಾರದ ಬೆನ್ನಿಗೇ ಬಂದ ಗುರುವಾರ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು, ಹಳ್ಳಿಗಳಲ್ಲಿ ಗುಳಿಗೆ ಹಂಚುವುದನ್ನು ನಿಲ್ಲಿಸೋಣ, ಬರುವವರು ಇಲ್ಲಿಗೇ ಬರಲಿ ಎಂದರು. ಬರಲಾರದವರು ಏನು ಮಾಡಬೇಕು ಎಂದು ಕೇಳಿದೆ. ಸುಳ್ಳು ರಿಜಿಸ್ಟರಿಗಿಂತ ರಿಜಿಸ್ಟರು ಇಲ್ಲದಿರುವುದೇ ವಾಸಿ ಎಂದರು. ಎರಡು ತಿಂಗಳು ಕೊಡಿರಿ ಎಂದು ಬೇಡಿದೆ. ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಅವರು, ತಪ್ಪುಗಳು ಕಾಣುವಂಥ ರಿಜಿಸ್ಟರು ತಂದು ತೋರಿಸಿದರೆ ಮುಂದಿನ ಮಾತು ಎಂದು ಒಪ್ಪಿಕೊಂಡರು.

ಅದೇ ಗುರುವಾರ ಕುರಿಗಾರ ಹೆಣ್ಣುಮಗಳು ಗಂಡನ ಗುಳಿಗೆಗೆ ಬಂದಿದ್ದಳು. ಎರಡು ತಿಂಗಳ ಹಿಂದೆ, ಕುರಿ ಹೊಡೆದುಕೊಂಡು ನದಿ ದಂಡೆಗೆ ಹೋಗುತ್ತೇವೆಂದು ಕಾಡಿ ಬೇಡಿ ಎರಡು ತಿಂಗಳ ಗುಳಿಗೆ ಒಯ್ದಿದ್ದಳು. ಎಷ್ಟು ಸಲ ಫಿಟ್ಸ್ ಬಂತು ಎಂದು ನಾನು ರೂಢಿಯಂತೆ ತಲೆ ಎತ್ತದೆಯೇ ಕೇಳಿದೆ. ಇಲ್ರಿ, ಬಂದಿಲ್ರಿ ಎಂಬ ಉತ್ತರವೇ ಎಲ್ಲರಿಂದಲೂ ಬರುತ್ತಿತ್ತು. ಆಕೆ ಸೊಂಟದಿಂದ ಒಂದು ಅರಿವೆ ಪಟ್ಟಿ ಬಿಚ್ಚಿ ನನ್ನ ಮೇಜಿನ ಮೇಲೆ ಉದ್ದಕ್ಕೆ ಹರಡಿದಳು.

ಹಳೆಯ ಸೀರೆಯ ಅಂಚು ಹರಿದು ಮಾಡಿದ ಪಟ್ಟಿ. ಅದರ ಉದ್ದಕ್ಕೂ ಒತ್ತೊತ್ತಾಗಿ ಸಣ್ಣ ಸಣ್ಣ ಕಿಸೆಗಳನ್ನು ಹೊಲಿದಿದ್ದಳು. ದಿನಕ್ಕೊಂದು ಕಿಸೆ, ಕಿಸೆಗೊಂದು ಗುಳಿಗೆ. ಹೆಚ್ಚಿನವೆಲ್ಲ ಖಾಲಿಯಾಗಿದ್ದವು. ಮೂರು ಕಿಸೆಗಳಲ್ಲಿ ಗುಳಿಗೆ ಹಾಗೇ ಇತ್ತು. ನಾಲ್ಕು ಕಡೆ ಕಿಸೆಯ ಬಾಯಿಗೆ ಕರಿ ಉಣ್ಣೆಯ ಗಂಟು ಹಾಕಿತ್ತು.

“ಗಂಟ ಅಂದ್ರ ಅವತ್ತ ಬ್ಯಾನಿ ಬಂದಿತ್ತ್ರಿ,” ಎಂದಳು. ಆಮೇಲೆ ಒಂದೊಂದನ್ನೂ ಬೆರಳಿಟ್ಟು ವಿವರಿಸಿದಳು. ಇಲ್ಲಿ ಗಂಡ ಬೀಗರ ಮನೆಯಲ್ಲಿ ಕುಡಿದು ಗುಳಿಗೆ ಒಲ್ಲೆನೆಂದಿದ್ದ, ಮರುದಿನ ಗಂಟು. ಇಲ್ಲಿ ತೋಳದ ಕಾಟವಿತ್ತು, ಎರಡು ದಿನ ನಿದ್ದೆಯಿಲ್ಲ. ಗುಳಿಗೆ ನುಂಗಿದ್ದರೂ ಬಂತು. ಇಲ್ಲಿ ಆಕೆಯೇ ತವರಿಗೆ ಹೋಗಿದ್ದಳು. ನೆನಪು ಮಾಡಿ ಕೊಡುವವರು ಇರಲಿಲ್ಲ. ಹೇಳುವಾಗ ಆಕೆಯ ದನಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಅಳುಕೂ ಇರಲಿಲ್ಲ, ಜಂಬವೂ ಇರಲಿಲ್ಲ. ಆದದ್ದು ಹಾಗೆ, ಅಷ್ಟೇ.

ನಾನು ಪೆನ್ನು ಕೆಳಗಿಟ್ಟೆ. ಹನ್ನೊಂದು ರಿಜಿಸ್ಟರುಗಳಲ್ಲಿ ಇಲ್ಲದ್ದು ಆ ಚಿಂದಿ ಅರಿವೆಯಲ್ಲಿತ್ತು. ಆಕೆಯನ್ನು ಕರೆದುಕೊಂಡು ಡಾಕ್ಟರ ಕೋಣೆಗೆ ಹೋದೆ. ಡಾಕ್ಟರು ಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. ತೋಳದ ಸಂಗತಿಯನ್ನು ಮತ್ತೊಮ್ಮೆ ಹೇಳಿಸಿದರು. ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆಂದು ಈಕೆಗೆ ಯಾರು ಹೇಳಿದರು ಎಂದು ನನ್ನನ್ನು ಕೇಳಿದರು. ಯಾರೂ ಹೇಳಿರಲಿಲ್ಲ. ಆಕೆ ಗಂಟುಗಳನ್ನು ನೋಡಿ ತಾನೇ ತಿಳಿದುಕೊಂಡಿದ್ದಳು.

ಆಗ ನಾನು ಅವರಿಗೆ ಹೇಳಿದೆ: ನನ್ನ ರಿಜಿಸ್ಟರುಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹನ್ನೊಂದೂ ಜನರನ್ನು ಮತ್ತೆ ಕರೆಸುತ್ತೇನೆ. ಈ ಸಲ ಕಲಿಸುವವಳು ಈಕೆ.

ಡಾಕ್ಟರು ಕೂಡಲೆ ಹೂಂ ಅನ್ನಲಿಲ್ಲ. ಸೊಂಟಕ್ಕೆ ಕಟ್ಟಿದರೆ ಬೆವರಿಗೆ ಗುಳಿಗೆ ಕರಗುತ್ತದೆ ಎಂದರು. ಅದು ನಿಜವೂ ಆಗಿತ್ತು. ಉಳಿದಿದ್ದ ಮೂರು ಗುಳಿಗೆಗಳಲ್ಲಿ ಒಂದರ ಅಂಚು ಉದುರಿತ್ತು. ಇನ್ನೊಂದು ಮಾತು ಅದಕ್ಕಿಂತ ದೊಡ್ಡದು. ಮನೆಯಲ್ಲಿ ಕೂಸುಗಳಿದ್ದರೆ ಈ ಗುಳಿಗೆ ಅವುಗಳ ಕೈಗೆ ಸಿಗಲೇಬಾರದು. ಮೂವರೂ ಕುಳಿತು ದಾರಿ ಹುಡುಕಿದೆವು. ಪ್ರತಿ ಗುಳಿಗೆಯನ್ನೂ ಮೇಣದ ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕುವುದು. ಪಟ್ಟಿಯನ್ನು ಮೈಮೇಲೆ ಕಟ್ಟಿಕೊಳ್ಳದೆ ಮುಚ್ಚಳದ ಡಬ್ಬಿಯಲ್ಲಿಟ್ಟು ಎತ್ತರದ ಗಳಕ್ಕೆ ತೂಗುಹಾಕುವುದು. ಕುರಿಗಾರರಾದರೆ ಗುಡಾರದ ನಡುಗೂಟಕ್ಕೆ. ಎರಡು ತಿಂಗಳದು ಬೇಡ, ಒಂದು ತಿಂಗಳ ಪಟ್ಟಿ ಸಾಕು. ದೂರ ಹೋಗುವವರಿಗೆ ಎರಡು ಪಟ್ಟಿ. ಹೊಸ ರೋಗಿಗೆ ಮೊದಲ ಹದಿನೈದು ದಿನ ಸಣ್ಣ ಗುಳಿಗೆ ಇರುತ್ತದೆ. ಆ ಕಿಸೆಗಳನ್ನು ಕೆಂಪು ದಾರದಲ್ಲಿ ಹೊಲಿಯುವುದು. ಗುಳಿಗೆ ತಪ್ಪಿದರೆ ಮರುದಿನ ಎರಡು ನುಂಗಬಾರದು, ಕಿಸೆಯಲ್ಲಿ ಹಾಗೇ ಬಿಡಬೇಕು ಎಂಬ ಮಾತನ್ನು ಡಾಕ್ಟರೇ ಸೇರಿಸಿದರು. ಬಿಟ್ಟ ಗುಳಿಗೆಗೆ ಯಾರೂ ಬೈಯಬಾರದು ಎಂಬ ಮಾತನ್ನು ನಾನು ಸೇರಿಸಿದೆ.

ಎರಡನೆಯ ತರಬೇತಿಗೆ ಶಾಲೆಯ ಕೋಣೆ ಸಿಗಲಿಲ್ಲ, ಸೂಟಿ ಮುಗಿದಿತ್ತು. ಐನಾಪುರದ ಒಂದು ಗುಡಿಯ ಪಡಸಾಲೆಯಲ್ಲಿ ಸೇರಿದೆವು. ಬೆಳಿಗ್ಗೆ ಎಲ್ಲರೂ ನನ್ನ ಮುಖ ನೋಡದೆ ಕುಳಿತಿದ್ದರು. ಸುಟ್ಟ ಕೈಯ ಸುದ್ದಿ ಎಲ್ಲರಿಗೂ ತಿಳಿದಿತ್ತು. ಮೊದಲು ನನ್ನ ತಪ್ಪು ಹೇಳಿಕೊಂಡೆ. ಚೌಕ ಖಾಲಿ ಬಿಡಬೇಡಿರಿ ಎಂದು ಹೇಳಬಾರದಿತ್ತು, ತುಂಬಿದ ಪುಟವನ್ನು ಹೊಗಳಬಾರದಿತ್ತು ಎಂದೆ. ಆಮೇಲೆ ಯಾರ್ಯಾರ ಪುಟದಲ್ಲಿ ಎಷ್ಟೆಷ್ಟು ಸುಳ್ಳಿದೆ, ಹೇಳುವವರು ಹೇಳಬಹುದು ಎಂದೆ. ಮೊದಲಿಗೆ ಸೂಲಗಿತ್ತಿ ತನ್ನ ಒಬ್ಬ ರೋಗಿ ಎರಡು ತಿಂಗಳಿಂದ ಗುಳಿಗೆಯನ್ನೇ ಮುಟ್ಟಿಲ್ಲ ಎಂದಳು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಗುಳಿಗೆಯಿಂದ ಹಗಲೂ ತೂಕಡಿಕೆ ಬರುತ್ತದೆಂದು ಅರ್ಧ ಮುರಿದು ನುಂಗುವವರಿದ್ದರು. ಹೊಟ್ಟೆಯಲ್ಲಿ ಕೂಸಿದೆ ಎಂದು ತಾನಾಗಿಯೇ ನಿಲ್ಲಿಸಿದ್ದ ಬಸುರಿಯೊಬ್ಬಳಿದ್ದಳು. ಆಕೆಯನ್ನು ಮರುದಿನವೇ ಮಿರಜಕ್ಕೆ, ಡಾಕ್ಟರ ಬಳಿ ಕಳಿಸಿದೆವು. ಒಂದು ಗಂಟೆಯಲ್ಲಿ ಅವರು ಹೇಳಿದ್ದು, ನಾಲ್ಕು ತಿಂಗಳ ನನ್ನ ರಿಜಿಸ್ಟರುಗಳು ಹೇಳಿದ್ದಕ್ಕಿಂತ ಹೆಚ್ಚಾಗಿತ್ತು.

ಆಮೇಲೆ ಕುರಿಗಾರ ಹೆಣ್ಣುಮಗಳು ಪಟ್ಟಿ ಬಿಚ್ಚಿ ನಡುವೆ ಹಾಸಿದಳು. ಆಕೆ ಪಾಠ ಮಾಡಲಿಲ್ಲ. ಗಂಡನ ಎರಡು ತಿಂಗಳ ಕಥೆ ಹೇಳಿದಳು. ತೋಳ ಬಂದ ದಿನದ ಗಂಟು ತೋರಿಸಿದಾಗ ಎಲ್ಲರೂ ಮುಂದೆ ಬಾಗಿದರು. ಹೊಲಿಗೆಯಾಕೆ ಪಟ್ಟಿಯನ್ನು ಕೈಗೆತ್ತಿಕೊಂಡು ಹೊಲಿಗೆ ನೋಡಿದಳು. ಕಿಸೆಯ ಬಾಯಿಗೆ ಒಂದು ಮಡಿಕೆ ಕೊಟ್ಟರೆ ಗುಳಿಗೆ ಬೀಳುವುದಿಲ್ಲ ಎಂದಳು. ಸಂಜೆಯೊಳಗೆ ತನ್ನ ಮಶೀನಿನಲ್ಲಿ ನಾಲ್ಕು ಪಟ್ಟಿ ಹೊಲಿದು ತಂದಳು. ಅವತ್ತಿನಿಂದ ಎಷ್ಟೋ ವರ್ಷ ನಮ್ಮ ಎಲ್ಲ ಪಟ್ಟಿಗಳನ್ನೂ ಹೊಲಿದವಳು ಆಕೆಯೇ.

ಹುಡುಗಿಯ ಅತ್ತೆಯ ಊರಿಗೆ ತಾನು ಹೋಗಿಬರುತ್ತೇನೆಂದು ಎದ್ದವಳೂ ಹೊಲಿಗೆಯಾಕೆಯೇ. ನಾನು ಮೊದಲು ಬೇಡ ಎಂದೆ. ರೋಗಿಯ ಗುಟ್ಟು ರೋಗಿಯದು. ಅದನ್ನು ಹೊತ್ತುಕೊಂಡು ಊರೂರು ತಿರುಗುವ ಹಕ್ಕು ನಮಗಿಲ್ಲ. ಆಕೆ ತವರಿಗೆ ಹೋಗಿ ಹುಡುಗಿಯನ್ನೇ ಕೇಳಿ ಬಂದಳು. ಹೋಗಿರಿ ಎಂದು ಹುಡುಗಿ ಹೇಳಿದ ಮೇಲೆ, ಕುರಿಗಾರ ಹೆಣ್ಣುಮಗಳನ್ನು ಜೊತೆ ಮಾಡಿಕೊಂಡು ಹೊರಟಳು. ಅಲ್ಲಿ ನಡೆದದ್ದನ್ನು ಆಮೇಲೆ ಕೇಳಿದೆ. ಅತ್ತೆ ಇವರನ್ನು ಒಳಗೆ ಕರೆಯಲಿಲ್ಲವಂತೆ. ಅಂಗಳದಲ್ಲೇ ಕುಳಿತು ಕುರಿಗಾರ ಹೆಣ್ಣುಮಗಳು ತನ್ನ ಸಂಸಾರದ ಮಾತಾಡಿದಳಂತೆ. ಇಪ್ಪತ್ತು ವರ್ಷದಿಂದ ಈ ಬೇನೆಯ ಗಂಡನ ಜೊತೆ ಇದ್ದೇನೆ, ನಾಲ್ಕು ಮಕ್ಕಳನ್ನು ಹೆತ್ತಿದ್ದೇನೆ, ಅವನು ಇವತ್ತೂ ಕುರಿ ಕಾಯುತ್ತಾನೆ ಎಂದಳಂತೆ. ಅತ್ತೆ ಎದ್ದು ಒಳಗೆ ಹೋದರಂತೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರಿಗೂ ಚಹಾ ಬಂತಂತೆ.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ಗುರುವಾರ, ಓಪಿಡಿ ಮುಗಿಯುವ ಹೊತ್ತಿಗೆ ಆ ಅತ್ತೆ ಬಂದರು. ಹಿಂದೆ ಹುಡುಗಿ, ಕೈಯ ಗಾಯ ಮಾಗಿ ಚರ್ಮ ಬಿಗಿದಿತ್ತು. ಆಕೆಯ ತಾಯಿ ಬಾಗಿಲ ಹೊರಗೇ ನಿಂತುಬಿಟ್ಟರು. ಅತ್ತೆ ಕುರ್ಚಿಯಲ್ಲಿ ಕೂಡಲಿಲ್ಲ. ಮರಾಠಿಯಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದರು.

“ಆಜಾರ ಐತಿ, ಬ್ಯಾನಿ ಐತಿ ಅಂತ ನಂಗ ಸಿಟ್ಟಿಲ್ರಿ. ಆಜಾರ ಯಾರಿಗಿ ಬರಂಗಿಲ್ಲ? ಆದ್ರ ಆಕಿ ಕೈ ಸುಟ್ಟದ್ದು ನನ್ನ ಒಲಿ ಮುಂದ. ನಂಗ ಗೊತ್ತಿದ್ರ ಒಬ್ಬಾಕಿನ್ನ ಬಿಟ್ಟ ನೀರಿಗಿ ಹೋಗತಿದ್ನೇನ್ರಿ? ನಿಮಗ ಗೊತ್ತಿತ್ತು, ಇವರ ತಾಯಿಗೆ ಗೊತ್ತಿತ್ತು. ಕೂಡೇ ಇದ್ದ ನಮಗಷ್ಟ ಗೊತ್ತಿರಲಿಲ್ಲ.”

ಆ ಮಾತಿನಲ್ಲಿ ನ್ಯಾಯವಿತ್ತು. ಗುಟ್ಟು ಕಾಯುವುದು ನಮ್ಮ ಕೆಲಸದ ನಿಯಮ ಎಂದು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. ಹುಡುಗಿಯ ಕಡೆ ತಿರುಗಿ, ಮದುವೆಗೆ ಮುಂಚೆ ಇವರಿಗೆ ಹೇಳುವ ಬಗ್ಗೆ ನಿನಗೆ ಏನನ್ನಿಸಿತ್ತು ಎಂದು ಕೇಳಿದೆ. ಒಂದೂವರೆ ವರ್ಷ ಆಕೆಗೆ ಗುಳಿಗೆ ಕೊಟ್ಟಿದ್ದೆ. ಒಮ್ಮೆಯೂ ಅಂಥ ಪ್ರಶ್ನೆ ಕೇಳಿರಲಿಲ್ಲ. ಮಾತೆಲ್ಲ ತಾಯಿಯ ಜೊತೆಗೇ ಮುಗಿಯುತ್ತಿತ್ತು.

“ಹೇಳೂನು ಅಂತ ನಾ ಅವತ್ತ ಅಂದಿದ್ನಿ,” ಎಂದಳು ಹುಡುಗಿ. “ನನ್ನ ಮಾತ ಯಾರೂ ಕೇಳಲಿಲ್ರಿ.”

ಅತ್ತೆ ಕುರ್ಚಿ ಎಳೆದುಕೊಂಡು ಕುಳಿತರು. ಗುಳಿಗೆ ಹೇಗೆ ಕೊಡಬೇಕು ನನಗೆ ಹೇಳಿರಿ, ಇವರ ತಾಯಿಗಲ್ಲ ಎಂದರು. ನಾನು ಪಟ್ಟಿ ತಂದು ಮೇಜಿನ ಮೇಲೆ ಹರಡಿದೆ. ಅವರು ಪ್ರತಿ ಮಾತಿಗೂ ಹಿಂದಿರುಗಿ ಪ್ರಶ್ನೆ ಕೇಳಿದರು. ಒಲೆಯ ಮುಂದೆ ಇನ್ನು ಮೇಲೆ ಒಬ್ಬಳೇ ಇರಬಾರದೇ, ಬಾವಿಗೆ ಹೋಗಬಹುದೇ, ಬಸುರಾದರೆ ಏನು. ಬಸುರಾದ ಕೂಡಲೆ ಡಾಕ್ಟರಿಗೆ ತೋರಿಸಬೇಕು, ಗುಳಿಗೆ ಮಾತ್ರ ತಾವಾಗಿಯೇ ನಿಲ್ಲಿಸಬಾರದು ಎಂದು ಮೂರು ಸಲ ಹೇಳಿದೆ. ಪಟ್ಟಿಯನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡು, ಬಾಗಿಲಾಚೆ ನಿಂತಿದ್ದ ಬೀಗಿತಿಯ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಂತು, ನಾಳೆ ಈಕೆಯನ್ನು ಕರೆದುಕೊಂಡು ಹೋಗಲು ಮಗ ಬರುತ್ತಾನೆ ಎಂದರು. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಜೊತೆಗೆ ಬಂದಿದ್ದ ಹೊಲಿಗೆಯಾಕೆ ಅವರಿಗೆ ನೀರು ಕೊಟ್ಟಳು.

ಅಂದಿನಿಂದ ನಮ್ಮ ತರಬೇತಿಯಲ್ಲಿ ಮೆದುಳಿನ ಚಿತ್ರಕ್ಕಿಂತ ಮುಂಚೆ ಒಂದು ಪ್ರಶ್ನೆ ಬಂತು. ರೋಗಿಯನ್ನು ಒಂಟಿಯಾಗಿ ಕೂಡಿಸಿ ಕೇಳಬೇಕಾದ ಪ್ರಶ್ನೆ: ನಿನ್ನ ಬೇನೆಯ ಸಂಗತಿ ಯಾರಿಗೆ ತಿಳಿದಿರಬೇಕು? ಉತ್ತರ ಯಾರೂ ಬೇಡ ಎಂದಿದ್ದರೆ ಅದನ್ನೂ ಒಪ್ಪಬೇಕು, ಆದರೆ ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ಏಳನೇ ಇಯತ್ತೆಯ ನಿಯಮವನ್ನು ಹೊಡೆದು ಹಾಕಿದೆವು. ಡಾಕ್ಟರು ಎರಡು ತಿಂಗಳ ಮೇಲೆ ಪಟ್ಟಿಗಳನ್ನು ಮೇಜಿನ ತುಂಬ ಹರಡಿಸಿಕೊಂಡು ನೋಡಿದರು. ಉಳಿದ ಗುಳಿಗೆಗಳು ಬೇಕಾದಷ್ಟಿದ್ದವು, ಕರಿ ಗಂಟುಗಳೂ ಇದ್ದವು. ಈಗ ಕೆಲಸ ಶುರುವಾಯಿತು ಎಂದಷ್ಟೇ ಅಂದರು. ಹಳ್ಳಿಯ ಹಂಚಿಕೆ ನಿಲ್ಲಲಿಲ್ಲ.

ಮರುವರ್ಷ ಎಲ್ಲರಿಗೂ ಪ್ರಮಾಣಪತ್ರ ಕೊಡುವಾಗ ಕುರಿಗಾರ ಹೆಣ್ಣುಮಗಳು ಬರಲಿಲ್ಲ. ಮಂದೆ ರಾಯಬಾಗದ ಕಡೆ ಹೋಗಿತ್ತು. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸುವ ಕಾಲ. ಅದೇ ದಾರಿಯಲ್ಲಿ ಮುಂದೆ ಚಿಕ್ಕೋಡಿಯಲ್ಲಿ ನನಗೂ ಕೆಲಸವಿದ್ದುದರಿಂದ ಪ್ರಮಾಣಪತ್ರವನ್ನು ನಾನೇ ಒಯ್ದೆ. ಬಸ್ ಇಳಿದು, ಅವರಿವರನ್ನು ಕೇಳುತ್ತ ಒಂದು ಮೈಲಿನಷ್ಟು ಹೊಲದ ಬದುವಿನ ಮೇಲೆ ನಡೆದೆ. ದೂರದಿಂದಲೇ ಕುರಿಗಳ ಸದ್ದು ಕೇಳಿಸಿತು.

ಗುಡಾರದ ನೆರಳಿನಲ್ಲಿ ಐದಾರು ಹೆಂಗಸರು ಸುತ್ತ ಕುಳಿತಿದ್ದರು, ಬೇರೆ ಬೇರೆ ಮಂದೆಯವರು. ಈಕೆ ನಡುವೆ ಕುಳಿತು ಹೇಳುತ್ತಿದ್ದಳು. ನನ್ನನ್ನು ನೋಡಿ ಏಳಲು ಹೋಗಲಿಲ್ಲ. “ಬರ್ರಿ ಬಾಯಾರ, ಕುಂಡ್ರರಿ. ಇದೊಂದ ಮುಗಿಸಿಬಿಡತೀನಿ,” ಎಂದಳು. ನಾನು ಚೀಲ ಪಕ್ಕಕ್ಕಿಟ್ಟು ಆ ಹೆಂಗಸರ ಹಿಂದೆ ಕುಳಿತೆ.

ಕಲ್ಲು ಸರಿಸುವುದು, ಮಗ್ಗುಲಿಗೆ ಹೊರಳಿಸುವುದು, ಬೀಸುವ ಪದ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಆಮೇಲೆ ನಾನು ಎಂದೂ ಕಲಿಸದ ಒಂದು ಮಾತು ಹೇಳಿದಳು. ಫಿಟ್ಸ್ ಬಂದವರಿಗೆ ಕೆಲವೊಮ್ಮೆ ಬಟ್ಟೆಯಲ್ಲೇ ಉಚ್ಚೆ ಹೋಗಿರುತ್ತದೆ. ನನ್ನ ಪಾಠದಲ್ಲಿ ಅದು ರೋಗದ ಒಂದು ಲಕ್ಷಣ, ಕೇಳಿ ಬರೆದುಕೊಳ್ಳಬೇಕಾದ ಸಂಗತಿ, ಅಷ್ಟೇ.

“ಎಚ್ಚರಾಗೂಕಿಂತ ಮೊದಲ ಮ್ಯಾಲೊಂದು ಕಂಬಳಿ ಹೊಚ್ಚರಿ,” ಎಂದಳು ಆಕೆ. “ನಿಂತ ನೋಡೂ ಮಂದಿನ್ನ ಕಳಸರಿ. ಕಣ್ಣ ತಗದಾಗ ಒಬ್ರ ಇರ್ರಿ, ಅವನ ಹೆಸರ ಹಿಡದ ಕರೀರಿ. ಬ್ಯಾನಿ ಬಂದ ಹೋಗತೈತಿ. ಮಂದ್ಯಾಗ ಮಾನ ಹೋಗಿದ್ದು ಅವಗ ದಿನಾ ನೆನಪಿರತೈತಿ.”

ಹೆಂಗಸರು ತಲೆಯಾಡಿಸಿದರು. ನಾನು ಚೀಲದಿಂದ ನೋಟುಬುಕ್ಕು ತೆಗೆದು ಆ ಮಾತನ್ನು ಬರೆದುಕೊಂಡೆ. ಆಮೇಲೆ, ಕಂಬಳಿ ಇಲ್ಲದ ಮನೆಯಲ್ಲಿ ಏನು ಹೊಚ್ಚಬೇಕು ಎಂದು ಹಿಂದಿನಿಂದ ಕೈ ಎತ್ತಿ ಕೇಳಿದೆ.

“ನಿಮ್ಮ ಸೆರಗೈತೆಲ್ರಿ,” ಎಂದಳು.